ಹಾಲು ಇಳಿಸಿ ಬರುವಷ್ಟರಲ್ಲಿ: ಮಗು ಮಲಗುವ, ಆಡುವ ಕೋಣೆಯ ಬಗ್ಗೆ

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಒಂದು ರೂಮು ಅತ್ತೆ ಮಾವಂದು, ಇನ್ನೊಂದು ನಮ್ಮದು. ಮಗಳಿಗೆ ಅಂತ ಬೇರೆ ಕೋಣೆ ಇಲ್ಲ. ನಾವು ಮಲಗುವ ರೂಮಿನಲ್ಲೇ ಅವಳ ನಿದ್ದೆ, ಅವಳ ಆಟ, ಅವಳ ಬಟ್ಟೆ, ಎಲ್ಲ.

ಅವಳಿಗೆ ಆಗ ಒಂದೂವರೆ ವರ್ಷ. ಒಂದು ಬೆಳಿಗ್ಗೆ ಒಲೆ ಮೇಲೆ ಹಾಲಿಟ್ಟು ಅವಳ ಜೊತೆ ಕೂತಿದ್ದೆ. ಸುರ್ ಅಂತ ಸದ್ದು ಬಂತು, ಓಡಿದೆ. ಗ್ಯಾಸ್ ಆರಿಸಿ, ಪಾತ್ರೆ ಇಳಿಸಿ, ಉಕ್ಕಿದ್ದನ್ನು ಒರೆಸಿ ಬರುವಷ್ಟರಲ್ಲಿ ರೂಮಿನ ಬಾಗಿಲು ಮುಚ್ಚಿತ್ತು. ತಳ್ಳಿದರೆ ಬರಲಿಲ್ಲ. ಬಾಗಿಲಿಗೆ ಮಂಡಿ ಎತ್ತರದಲ್ಲಿ ಒಂದು ಅಡ್ಡ ಚಿಲಕ ಇತ್ತು. ನಾವು ಅದನ್ನು ಯಾವತ್ತೂ ಹಾಕಿದವರಲ್ಲ. ಅವಳು ಹಾಕಿಕೊಂಡಿದ್ದಳು. ಹಾಕುವುದು ಗೊತ್ತಾಗಿತ್ತು, ತೆಗೆಯುವುದು ಗೊತ್ತಾಗಲಿಲ್ಲ. ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದಾಗ ನನ್ನ ಕೈಕಾಲು ತಣ್ಣಗಾಯಿತು. ಕೊನೆಗೆ ಎದುರು ಮನೆಯ ಅಂಕಲ್ ಬಟ್ಟೆ ಒಣಗಿಸುವ ಕೋಲಿನ ತುದಿಗೆ ಒಂದು ಬಗ್ಗಿಸಿದ ತಂತಿ ಕಟ್ಟಿ, ಕಿಟಕಿ ಸರಳಿನ ಸಂದಿಯಿಂದ ತೂರಿಸಿ, ಚಿಲಕದ ಮೂತಿಗೆ ಸಿಕ್ಕಿಸಿ ಎಳೆದರು. ಇಪ್ಪತ್ತು ನಿಮಿಷ ಹಿಡಿಯಿತು. ಆ ಚಿಲಕ ಬಿಚ್ಚುವುದಕ್ಕೆ ನಮಗೆ ಬೇಕಾಗಿದ್ದು ನಾಲ್ಕು ಸ್ಕ್ರೂ ತಿರುಗಿಸುವಷ್ಟು ಹೊತ್ತು ಮಾತ್ರ. ಮೊದಲೇ ಹೊಳೆದಿದ್ದರೆ!

"ಮಗು ಮೇಲೆ ಒಂದು ಕಣ್ಣಿಟ್ಟಿರಮ್ಮ" ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ, ಸರಿಯಾದ ಮಾತೇ. ಆದರೆ ಮನೆಯಲ್ಲಿ ಹಾಲು ಉಕ್ಕುತ್ತದೆ, ಸಿಲಿಂಡರ್‌ನವರು ಬಾಗಿಲು ಬಡಿಯುತ್ತಾರೆ, ನಲ್ಲಿಯಲ್ಲಿ ನೀರು ಬಂದುಬಿಡುತ್ತದೆ. ಇಡೀ ದಿನ ಕಣ್ಣು ಕದಲಿಸದೆ ಕೂತಿರುವ ತಾಯಿ ಯಾವ ಊರಲ್ಲೂ ಇಲ್ಲ. ಹಾಗಾಗಿ ನಾನು ಕೋಣೆಯನ್ನು ಒಂದೇ ಅಳತೆಯಲ್ಲಿ ನೋಡುತ್ತೇನೆ: ಹಾಲು ಇಳಿಸಿ ಬರುವಷ್ಟು ಹೊತ್ತು, ಹೆಚ್ಚೆಂದರೆ ಮೂರು ನಿಮಿಷ, ಮಗು ಇಲ್ಲಿ ಒಂಟಿಯಾಗಿದ್ದರೆ ಏನಾಗಬಹುದು? ಆ ಮೂರು ನಿಮಿಷಕ್ಕೆ ಕೋಣೆ ತಯಾರಾಗಿರಬೇಕು.

ಚಿಲಕದ ಘಟನೆ ಆದ ಮಾರನೇ ದಿನ ನಾನು ರೂಮಿನಲ್ಲಿ ಅಂಬೆಗಾಲಿಟ್ಟು ಒಂದು ಸುತ್ತು ಬಂದೆ. ನೀವೂ ಮಾಡಿ ನೋಡಿ. ನಿಂತಾಗ ಕಾಣದೇ ಇದ್ದದ್ದು ಅಲ್ಲಿ ಕಾಣುತ್ತದೆ. ಮಂಚದ ಕೆಳಗೆ ಒಂದು ಪಿನ್ನು, ಎರಡು ಕಡ್ಲೆಬೀಜ, ಒಂದು ಮಾತ್ರೆಯ ಖಾಲಿ ಪಟ್ಟಿ. ಗೋಡೆಯ ಕೆಳಗಿನ ಪ್ಲಗ್ ಸರಿಯಾಗಿ ಮೂಗಿನ ಎದುರಿಗೆ. ಬೀರುವಿನ ಕೀ ಗೊಂಚಲು ತಲೆ ಮೇಲೆ ತೂಗುತ್ತಾ, ಹಿಡಿದು ಏಳು ಅಂತ ಕರೆಯುವ ಹಾಗೆ.

ಮೊದಲು ನಿದ್ದೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕದಲ್ಲಿ ಮೂರು ತಿಂಗಳವರೆಗಿನ ಕೂಸು ದಿನಕ್ಕೆ 14ರಿಂದ 17 ಗಂಟೆ, 4ರಿಂದ 11 ತಿಂಗಳ ಮಗು 12ರಿಂದ 16 ಗಂಟೆ ಮಲಗಬೇಕು. ಅಂದರೆ ಮೊದಲ ವರ್ಷ ನಾವು ಮಗುವನ್ನು ನೋಡದೇ ಇರುವ ಹೊತ್ತು ಜಾಸ್ತಿ ಹಾಸಿಗೆಯಲ್ಲೇ ಕಳೆಯುತ್ತದೆ. ಅದಕ್ಕೇ ನಿದ್ದೆಯ ಜಾಗದ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಒಂದು ವರ್ಷ ತುಂಬುವವರೆಗೆ ಮಗುವನ್ನು ಅಂಗಾತ ಮಲಗಿಸಬೇಕು. ಹಗಲಿನ ನಿದ್ದೆಗೂ ಅಷ್ಟೇ, ರಾತ್ರಿಗೂ ಅಷ್ಟೇ. ಬೋರಲು ಮಲಗಿದರೆ ಮೂಗು ಬಟ್ಟೆಗೆ ಒತ್ತಿಕೊಳ್ಳುತ್ತದೆ, ಮಗು ತಾನೇ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ದೊಡ್ಡವರಾದರೆ ಉಸಿರುಕಟ್ಟಿದ ತಕ್ಷಣ ಎದ್ದು ಹೊರಳುತ್ತೇವೆ. ಎಳೆಗೂಸಿಗೆ ಆ ಎಚ್ಚರ ಇನ್ನೂ ಬಲಿತಿರುವುದಿಲ್ಲ. ಅಮೆರಿಕದಲ್ಲಿ 1994ರಲ್ಲಿ 'ಅಂಗಾತ ಮಲಗಿಸಿ' ಅಂತ ದೊಡ್ಡ ಪ್ರಚಾರ ಶುರುವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಅಲ್ಲಿ ನಿದ್ದೆಯಲ್ಲೇ ಕಾರಣ ತಿಳಿಯದೆ ಕೂಸುಗಳು ತೀರಿಹೋಗುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಔಷಧಿ ಇಲ್ಲ, ಯಂತ್ರ ಇಲ್ಲ. ಮಲಗಿಸುವ ಭಂಗಿ ಬದಲಾಗಿದ್ದೇ ಮುಖ್ಯ ಕಾರಣ.

"ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳಲ್ವಾ?" ಅತ್ತೆ ಕೇಳಿದ ಮೊದಲ ಪ್ರಶ್ನೆ ಇದು. ನನಗೂ ಇದೇ ಭಯ ಇತ್ತು. ನಿಜ ನೋಡಿದರೆ ಉಲ್ಟಾ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನದ ಕೊಳವೆ ಅದರ ಕೆಳಗಿರುತ್ತದೆ. ಹಾಲು ಬಾಯಿಯ ಕಡೆ ಬಂದರೂ ಉಸಿರಿನ ಕೊಳವೆಗೆ ಹೋಗಲು ಮೇಲಕ್ಕೆ ಹತ್ತಬೇಕು. ಬೋರಲಾದರೆ ಅದೇ ಉಸಿರಿನ ಕೊಳವೆ ಕೆಳಗೆ ಬರುತ್ತದೆ, ಹಾಲು ಸಲೀಸಾಗಿ ಅದರ ಬಾಯಿಗೇ ಇಳಿಯುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಿ, ಆಮೇಲೆ ಅಂಗಾತ ಮಲಗಿಸಿದರೆ ಆಯಿತು. ಮಗು ತಾನಾಗಿ ಎರಡೂ ಕಡೆ ಹೊರಳುವುದು ಕಲಿತ ಮೇಲೆ ರಾತ್ರಿಯೆಲ್ಲ ಎದ್ದು ತಿರುಗಿಸುವ ಅಗತ್ಯ ಇಲ್ಲ. ಮಲಗಿಸುವಾಗ ಅಂಗಾತ ಇದ್ದರೆ ಸಾಕು.

ಹಾಸಿಗೆ ಗಟ್ಟಿಯಾಗಿ, ಸಮವಾಗಿ ಇರಬೇಕು. ಅಂಗೈ ಊರಿ ಎತ್ತಿದರೆ ಕೈಯ ಗುರುತು ಉಳಿಯಬಾರದು. ಮೇಲೊಂದು ಬಿಗಿಯಾದ ಬಟ್ಟೆ, ಅಷ್ಟೇ. ದಿಂಬು ಬೇಡ, ರಜಾಯಿ ಬೇಡ, ಸುತ್ತ ಕೋಟೆ ಕಟ್ಟಿದ ಹಾಗೆ ಮೆತ್ತೆಗಳು ಬೇಡ, ಪಕ್ಕದಲ್ಲಿ ಕರಡಿಬೊಂಬೆಯೂ ಬೇಡ. ನೋಡುವುದಕ್ಕೆ ಬೋಳು ಬೋಳು ಅನ್ನಿಸುತ್ತದೆ. ನೆಂಟರು "ಪಾಪ, ಕೂಸಿಗೆ ಏನೂ ಹಾಕಿಲ್ವಲ್ಲ" ಅನ್ನುತ್ತಾರೆ. ಅನ್ನಲಿ.

ಸಾಸಿವೆ ದಿಂಬಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಒಂದು ವಾರ ಮಾತುಕತೆ ನಡೆಯಿತು. "ನನ್ನ ಮೂರು ಮಕ್ಕಳೂ ಇದರ ಮೇಲೇ ಮಲಗಿದ್ದು ಕಣಮ್ಮ, ತಲೆ ಹೆಂಗೆ ದುಂಡಗಿದೆ ನೋಡು" ಅಂದರು ಅತ್ತೆ. ಅವರು ಕೈಯಾರೆ ಹೊಲಿದ ದಿಂಬು ಅದು, ಬೇಡ ಅನ್ನುವುದು ಸುಲಭ ಇರಲಿಲ್ಲ. ದಿಂಬಿನ ಮೇಲಿಂದ ತಲೆ ಜಾರಿದರೆ ಗದ್ದ ಎದೆಗೆ ಒತ್ತುತ್ತದೆ, ಇಲ್ಲವೇ ಮೂಗು ದಿಂಬಿಗೆ ಒತ್ತುತ್ತದೆ. ಹೊಲಿಗೆ ಬಿಟ್ಟರೆ ಸಾಸಿವೆ ಕಾಳೆಲ್ಲ ಮಗುವಿನ ಬಾಯಿ ಹತ್ತಿರ. ತಲೆಯ ಆಕಾರ ಸರಿಮಾಡುವ ದಿಂಬುಗಳನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ 2022ರಲ್ಲಿ ಎಚ್ಚರಿಕೆ ಕೊಟ್ಟಿತು. ಹಾಗಾದರೆ ತಲೆ ಚಪ್ಪಟೆ ಆಗದಿರುವುದಕ್ಕೆ ಏನು ಮಾಡುವುದು? ಎಚ್ಚರ ಇದ್ದಾಗ, ನಾವು ಎದುರಿಗಿದ್ದಾಗ, ಮಗುವನ್ನು ಬೋರಲು ಮಲಗಿಸಬೇಕು. ಇದು ಹೊಸದೇನಲ್ಲ. ಎಣ್ಣೆ ನೀರು ಹಾಕುವಾಗ ಅತ್ತೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಿಕ್ಕುತ್ತಿದ್ದರಲ್ಲ, ಅದೇ. "ಅತ್ತೆ, ಡಾಕ್ಟರು ಹೇಳುವುದೂ ನೀವು ಮಾಡುವುದೂ ಒಂದೇ" ಅಂದೆ. ಅವತ್ತಿಂದ ಆ ಕೆಲಸ ದಿನಕ್ಕೆ ಎರಡು ಮೂರು ಸಲ ಆಯಿತು, ದಿಂಬು ಬೀರು ಸೇರಿತು.

ಮಗು ಎಲ್ಲಿ ಮಲಗಬೇಕು ಅನ್ನುವುದು ಕಷ್ಟದ ಪ್ರಶ್ನೆ. ಮಕ್ಕಳ ವೈದ್ಯರ ಸಲಹೆ ಹೀಗಿದೆ: ಮೊದಲ ಆರು ತಿಂಗಳಾದರೂ ಅಪ್ಪ ಅಮ್ಮ ಇರುವ ಕೋಣೆಯಲ್ಲೇ, ಆದರೆ ತನ್ನದೇ ಬೇರೆ ಹಾಸಿಗೆಯಲ್ಲಿ. ನಮ್ಮ ಕಡೆ ಮಗು ಅಮ್ಮನ ಪಕ್ಕದಲ್ಲಿ ಮಲಗುವುದೇ ರೂಢಿ, ಹಾಲು ಕೊಡುವುದಕ್ಕೂ ಅದೇ ಸಲೀಸು. ಹಾಗೆ ಮಲಗುವವರು ಕೆಲವನ್ನಾದರೂ ಬಿಗಿಯಾಗಿ ಪಾಲಿಸಬೇಕು. ಮಗು ಅಮ್ಮನ ಪಕ್ಕ ಇರಲಿ, ಇಬ್ಬರು ದೊಡ್ಡವರ ನಡುವೆ ಬೇಡ. ಮಗುವಿನ ಬದಿಗೆ ದಿಂಬು, ಹೊದಿಕೆ ಬರಬಾರದು. ಮಂಚಕ್ಕೂ ಗೋಡೆಗೂ ನಡುವೆ ಸಂದಿ ಇರಬಾರದು, ಕೂಸು ಅಲ್ಲಿ ಜಾರಿ ಸಿಕ್ಕಿಕೊಳ್ಳುತ್ತದೆ. ಕುಡಿದವರು, ಬೀಡಿ ಸಿಗರೇಟು ಸೇದುವವರು, ನಿದ್ದೆ ಬರಿಸುವ ಮಾತ್ರೆ ತಗೊಂಡವರು ಆ ಹಾಸಿಗೆಯಲ್ಲಿ ಮಲಗಲೇಬಾರದು. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸಾದರೆ ಬೇರೆ ಹಾಸಿಗೆಯೇ ಸರಿ. ಮತ್ತೆ, ಸೋಫಾ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ತೂಕಡಿಸುವುದು ಎಲ್ಲಕ್ಕಿಂತ ಅಪಾಯ. ನಿದ್ದೆ ಬರುತ್ತಿದೆ ಅನ್ನಿಸಿದರೆ ಮಗುವನ್ನು ಹಾಸಿಗೆಗೆ ಹಾಕಿಬಿಡಿ.

ಸೀರೆಯ ಜೋಲಿಯಲ್ಲಿ ಕೂಸು ಬೆಚ್ಚಗೆ ಮುದುಡಿಕೊಂಡು ಚೆನ್ನಾಗಿ ನಿದ್ದೆ ಮಾಡುತ್ತದೆ, ನಿಜ. ಆದರೆ ಬೆನ್ನು ಬಾಗಿ, ಗದ್ದ ಎದೆಗೆ ತಾಕಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಜೋಲಿಯಲ್ಲಿ ತೂಗಿ ನಿದ್ದೆ ಹತ್ತಿದ ಮೇಲೆ ಸಮನಾದ ಹಾಸಿಗೆಗೆ ಎತ್ತಿ ಹಾಕುವುದು ಒಳ್ಳೆಯದು. ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮಗು ಇಲ್ಲದಾಗ ಖಾಲಿ ತೂಗುವ ಜೋಲಿ. ಐದಾರು ವರ್ಷದ ಅಕ್ಕನೋ ಅಣ್ಣನೋ ಅದರಲ್ಲಿ ಕೂತು ಗಿರಗಿರ ಸುತ್ತಿದರೆ ಸೀರೆ ಕತ್ತಿಗೆ ಸುತ್ತಿಕೊಳ್ಳುತ್ತದೆ. ಸದ್ದು ಮಾಡುವುದಕ್ಕೂ ಆಗುವುದಿಲ್ಲ. ಕೂಸನ್ನು ಎತ್ತಿಕೊಂಡ ತಕ್ಷಣ ಜೋಲಿ ಬಿಚ್ಚಿಡಿ, ಇಲ್ಲವೇ ಎತ್ತರಕ್ಕೆ ಗಂಟು ಹಾಕಿ. ಮರದ ತೊಟ್ಟಿಲು ತಲೆಮಾರುಗಳಿಂದ ಬಂದಿದ್ದಾದರೆ ಒಂದು ಸ್ಕೇಲ್ ಹಿಡಿದು ಅಳೆಯಿರಿ: ಪಟ್ಟಿ ಪಟ್ಟಿಯ ನಡುವಿನ ಸಂದಿ 6 ಸೆಂಟಿಮೀಟರ್ ಮೀರಬಾರದು. ಮೀರಿದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ.

ಚಳಿಗೆ ಅಂತ ಮನೆಯೊಳಗೂ ಕುಲಾವಿ, ಸ್ವೆಟರ್, ಕಾಲುಚೀಲ ಎಲ್ಲ ಹಾಕಿ ಮಲಗಿಸುತ್ತೇವೆ. ಕೂಸು ತನ್ನ ಮೈಬಿಸಿಯಲ್ಲಿ ಸಾಕಷ್ಟನ್ನು ತಲೆಯಿಂದ ಹೊರಹಾಕುತ್ತದೆ, ಜಾಸ್ತಿ ಬಿಸಿಯಾಗುವುದೂ ಅಪಾಯವೇ. ನಮಗಿಂತ ಒಂದು ಪದರ ಬಟ್ಟೆ ಹೆಚ್ಚು ಇದ್ದರೆ ಸಾಕು. ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಕೊರಳಿನ ದೃಷ್ಟಿ ದಾರ, ಕರಿಮಣಿ ಸರ ಮಲಗುವಾಗ ಬಿಚ್ಚಿಡಿ. ದೃಷ್ಟಿಗೆ ಉಡುದಾರ ಇದ್ದರೆ ಸಾಲದೇ?

ಹೊಗೆ, ಸೊಳ್ಳೆ, ನುಸಿಗುಳಿಗೆ

ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟಕ್ಕೆ ಸಮ ಅಂತ 2003ರಲ್ಲಿ ಒಂದು ಅಧ್ಯಯನ ಅಳೆದು ಹೇಳಿತು. ಮುಚ್ಚಿದ ಕೋಣೆಯಲ್ಲಿ ಕೂಸಿನ ಪಕ್ಕ ಅದನ್ನು ಹಚ್ಚಿಡುತ್ತೇವೆ. ಪ್ಲಗ್ಗಿಗೆ ಹಾಕುವ ದ್ರವದ ಬಾಟಲಿ ಹೊಗೆ ಬಿಡುವುದಿಲ್ಲ, ಆದರೆ ಅದು ಇರುವುದು ಮಗುವಿನ ಕೈಗೆ ಎಟಕುವ ಪ್ಲಗ್ಗಿನಲ್ಲಿ. ತಿರುಗಿಸಿ ಬಿಚ್ಚಿ ಕುಡಿದುಬಿಡಬಹುದು. ಸೊಳ್ಳೆ ಪರದೆಯೇ ಎಲ್ಲಕ್ಕಿಂತ ಮೇಲು. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು.

ಹಳ್ಳಿ ಕಡೆಯ ಮನೆಯವರಿಗೆ ಪರದೆಯಿಂದ ಇನ್ನೊಂದು ಉಪಯೋಗ ಇದೆ. ನಮ್ಮ ತವರು ಮಧುಗಿರಿ ಹತ್ತಿರ. ಅಲ್ಲಿ ಎಲ್ಲರೂ ನೆಲದ ಮೇಲೇ ಮಲಗುತ್ತಾರೆ. ಮಗು ಮಂಚದಿಂದ ಬೀಳುವ ಭಯ ಇಲ್ಲ, ಅದೊಂದು ನೆಮ್ಮದಿ. ಆದರೆ ಕಟ್ಟುಹಾವು ಓಡಾಡುವುದು ರಾತ್ರಿ, ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನೇ. ಅದು ಕಚ್ಚಿದರೆ ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ನಾಲ್ಕೂ ಕಡೆ ಸಿಕ್ಕಿಸಿದರೆ ಸೊಳ್ಳೆಯೂ ಬರುವುದಿಲ್ಲ, ಹಾವೂ ಬರುವುದಿಲ್ಲ.

ಎಣ್ಣೆ ನೀರಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದು ಬಾಣಂತನದ ಪದ್ಧತಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬಣ್ಣವೂ ಇಲ್ಲದ ವಾಸನೆಯೂ ಇಲ್ಲದ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ತುಂಬಿಕೊಳ್ಳುತ್ತದೆ. ಕೂಸಿಗೂ ಬಾಣಂತಿಗೂ ಅದು ಒಳ್ಳೆಯದಲ್ಲ. ಸಾಂಬ್ರಾಣಿ ದೇವರ ಮನೆಯಲ್ಲಿರಲಿ. ತಲೆ ಒಣಗಿಸುವುದಕ್ಕೆ ಒಂದು ಹತ್ತಿ ಬಟ್ಟೆ ಸಾಕು.

ನುಸಿಗುಳಿಗೆಯ ಬಗ್ಗೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದೆ. ಅಂಥ ಕೂಸಿಗೆ ನುಸಿಗುಳಿಗೆ ಇಟ್ಟ ಬೀರುವಿನಿಂದ ತೆಗೆದ ಬಟ್ಟೆ ತೊಡಿಸಿದರೂ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರಬಹುದು. ಅಕ್ಕನ ಮಗುವಿನ ಹಳೇ ಬಟ್ಟೆ ತಂದು ಹಾಕುವಾಗ ಮೊದಲು ಒಗೆದು ಬಿಸಿಲಿಗೆ ಹಾಕಿ. ಕರ್ಪೂರವೂ ಹಾಗೆಯೇ, ಒಂದು ಬಿಲ್ಲೆ ನುಂಗಿದರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು. ಎರಡೂ ನೋಡುವುದಕ್ಕೆ ಪೆಪ್ಪರ್‌ಮಿಂಟಿನ ಹಾಗೇ ಇರುತ್ತವೆ ಅಲ್ವಾ?

ತೋಟ, ಹೊಲ ಇರುವ ಮನೆಗಳಲ್ಲಿ ಮಂಚದ ಕೆಳಗೆ ಬಗ್ಗಿ ನೋಡಿ. ಔಷಧಿ ಡಬ್ಬ, ಇಲಿ ಪಾಷಾಣ ಅಲ್ಲಿದ್ದರೆ ಇವತ್ತೇ ಹೊರಗೆ ಹಾಕಿ, ಬೀಗ ಇರುವ ಜಾಗದಲ್ಲಿಡಿ. ತಂಪು ಪಾನೀಯದ ಬಾಟಲಿಗೆ ಔಷಧಿಯನ್ನೋ ಆಸಿಡ್ಡನ್ನೋ ತುಂಬಿಡಬೇಡಿ. ಮಗು ಏನಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಸುಟ್ಟ ಗಂಟಲು ಮತ್ತೆ ಸುಡುತ್ತದೆ. ಡಬ್ಬದ ಸಮೇತ ಆಸ್ಪತ್ರೆಗೆ ಓಡಿ, 108ಕ್ಕೆ ಕರೆ ಮಾಡಿ.

ಬೀಳುವುದು, ಮೈಮೇಲೆ ಬೀಳುವುದು

ಸ್ಟೀಲಿನ ಬೀರು ಭಾರ ಇದೆ, ಅದೆಲ್ಲಿ ಬೀಳುತ್ತದೆ ಅಂದುಕೊಳ್ಳುತ್ತೇವೆ. ಬಾಗಿಲು ಮುಚ್ಚಿದ್ದಾಗ ಅದರ ಭಾರವೆಲ್ಲ ನಾಲ್ಕು ಕಾಲುಗಳ ನಡುವೆ ಇರುತ್ತದೆ. ಬಾಗಿಲು ತೆಗೆದರೆ, ಡ್ರಾಯರ್ ಎಳೆದರೆ, ಭಾರ ಮುಂದಕ್ಕೆ ಬರುತ್ತದೆ. ಆಗ ಹತ್ತು ಕೆ.ಜಿ.ಯ ಮಗು ಆ ಡ್ರಾಯರಿನ ತುದಿಗೆ ಕಾಲಿಟ್ಟರೆ ಗಡಾರಿ ಹಾಕಿ ಮೀಟಿದ ಹಾಗೆ. ಹಿಂದಿನ ಕಾಲು ಎದ್ದುಬಿಡುತ್ತದೆ. ಬಟ್ಟೆಯ ಡ್ರಾಯರ್, ಪುಸ್ತಕದ ಶೆಲ್ಫು, ಟೇಬಲ್ಲಿನ ಮೇಲೆ ಸುಮ್ನೆ ನಿಲ್ಲಿಸಿದ ಟಿವಿ, ಎಲ್ಲದಕ್ಕೂ ಇದೇ ಲೆಕ್ಕ. ಗೋಡೆಗೆ ಡ್ರಿಲ್ ಹಾಕಿ, ಎರಡು ಎಲ್ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಇಟ್ಟು ಗೋಡೆಗೆ ಸೇರಿಸಿ ಸ್ಕ್ರೂ ಮಾಡಿಸಿದರೆ ಕೆಲಸ ಮುಗಿಯಿತು. ನಮ್ಮ ಮನೆ ಓನರ್ ಆಂಟಿ ಗೋಡೆ ತೂತಿಗೆ ಮೊದಲು ಒಪ್ಪಲಿಲ್ಲ. ಡ್ರಾಯರ್ ಎಳೆದು, ಕೈಯಿಂದ ಮೆಲ್ಲಗೆ ಒತ್ತಿ ಬೀರು ಅಲ್ಲಾಡಿಸಿ ತೋರಿಸಿದೆ. "ಹಾಕಿಸಮ್ಮ, ಹಾಕಿಸು" ಅಂದರು.

ಇದರ ಜೊತೆಗೆ, ಮಗುವಿಗೆ ಆಸೆಯಾಗುವ ಯಾವುದನ್ನೂ ಎತ್ತರದಲ್ಲಿ ಇಡಬೇಡಿ. ರಿಮೋಟು, ಬಿಸ್ಕತ್ತು, ಅವಳ ಬೊಂಬೆ ಬೀರು ಮೇಲಿದ್ದರೆ ಹತ್ತು ಅಂತ ನಾವೇ ಹೇಳಿದ ಹಾಗಾಯಿತು. ಬೀರುವಿನ ಕೀ ತೆಗೆದಿಡಿ. ಒಳಗೆ ಸಾಮಾನು ತುಂಬುವ ದಿವಾನ್ ಕಾಟ್, ಕಬ್ಬಿಣದ ಟ್ರಂಕು ಇದ್ದರೆ ಬೀಗ ಹಾಕಿ. ಕಣ್ಣಾಮುಚ್ಚಾಲೆ ಆಡುವಾಗ ಒಳಗೆ ಅಡಗಿ, ಮುಚ್ಚಳ ಬಿದ್ದರೆ ಉಸಿರಾಡುವುದಕ್ಕೆ ಗಾಳಿ ಇರುವುದಿಲ್ಲ.

ಮಂಚ ಕಿಟಕಿಯಿಂದ ದೂರ ಇರಲಿ. ನಮ್ಮ ಕಡೆ ಕಿಟಕಿಗೆ ಗ್ರಿಲ್ ಇದ್ದೇ ಇರುತ್ತದೆ, ಅದೊಂದು ಒಳ್ಳೆಯದು. ಆದರೆ ಅಡ್ಡ ಪಟ್ಟಿಯ ಗ್ರಿಲ್ ಮಕ್ಕಳಿಗೆ ಏಣಿ. ಸರಳುಗಳ ಸಂದಿ 10 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಮೇಲಿನ ಮಹಡಿಯವರು, ಬಾಲ್ಕನಿ ಇರುವವರು ಇದನ್ನು ಇವತ್ತೇ ಅಳೆಯಬೇಕು. ಮಂಚದ ಮೇಲೆ ನಿಂತು ಕುಣಿಯುವ ಮಗುವಿಗೆ, ಎತ್ತಿ ಹಾರಿಸಿ ಆಡಿಸುವ ಮಾವನಿಗೆ ಸೀಲಿಂಗ್ ಫ್ಯಾನ್ ನೆನಪಿರಬೇಕು.

ಮಾವ ಪ್ರೀತಿಯಿಂದ ಚಕ್ರದ ವಾಕರ್ ತಂದುಕೊಟ್ಟರೂ ಬೇಡ ಅನ್ನಿ. ನಡಿಗೆ ಬೇಗ ಬರುತ್ತದೆ ಅನ್ನುವುದು ಸುಳ್ಳು. ಇನ್ನೂ ಕಾಲು ಊರಲು ಬಾರದ ಕೂಸಿಗೆ ಅದು ಓಟದ ವೇಗ ಕೊಡುತ್ತದೆ. ಹೊಸ್ತಿಲಿಗೆ ಬಡಿದರೆ ತಲೆಕೆಳಗು. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು.

ಬಾಗಿಲಿನ ಚಿಲಕದ ಕಥೆ ಆಗಲೇ ಹೇಳಿದೆ. ಮಗುವಿನ ಕೈಗೆ ಎಟಕುವ ಚಿಲಕ ಬಿಚ್ಚಿಬಿಡಿ. ರೂಮಿಗೆ ಸೇರಿದ ಬಾತ್‌ರೂಮಿಗೆ ಮಾತ್ರ ಹೊರಗಡೆ, ಎತ್ತರದಲ್ಲಿ, ಚಿಲಕ ಹಾಕಿಸಿ. ಬಕೆಟ್ಟಿನ ತಳದಲ್ಲಿ 5 ಸೆಂಟಿಮೀಟರ್ ನೀರಿದ್ದರೂ ಸಾಕು. ಅಂಬೆಗಾಲಿನ ಮಗುವಿಗೆ ತಲೆಯೇ ಭಾರ, ಬಗ್ಗಿದರೆ ಮುಗ್ಗರಿಸುತ್ತದೆ, ಏಳುವುದಕ್ಕೆ ಆಗುವುದಿಲ್ಲ. ಬಳಸದ ಬಕೆಟ್ ಬೋರಲು ಹಾಕಿಡಿ.

ಬಾಯಿಗೆ ಹೋಗುವುದು

ಒಂದು ರಟ್ಟಿನ ಮೇಲೆ 3.2 ಸೆಂಟಿಮೀಟರ್ ಅಗಲದ ವೃತ್ತ ಬರೆದು ಕತ್ತರಿಸಿ. ಹತ್ತು ರೂಪಾಯಿ ನಾಣ್ಯ 2.7 ಸೆಂಟಿಮೀಟರ್ ಇದೆ, ಅದಕ್ಕಿಂತ ಸ್ವಲ್ಪ ದೊಡ್ಡ ತೂತು. ಮೂರು ವರ್ಷದೊಳಗಿನ ಮಗುವಿನ ಕೋಣೆಯಲ್ಲಿ ಆ ತೂತಿನಲ್ಲಿ ತೂರುವುದು ಏನೇ ಇದ್ದರೂ ತೆಗೆಯಿರಿ. ಆಟಿಕೆ ಪರೀಕ್ಷಿಸುವವರು ಬಳಸುವ ಅಳತೆ ಹೆಚ್ಚುಕಡಿಮೆ ಇದೇ. ಇಂಥ ಮಗುವಿನ ಉಸಿರಿನ ಕೊಳವೆ ಸುಮಾರು ಅದರ ಕಿರುಬೆರಳಿನಷ್ಟೇ ದಪ್ಪ.

ಶಿರಾ, ಪಾವಗಡ, ಮಧುಗಿರಿ ಕಡೆಯ ಮನೆ ಅಂದರೆ ಕಡ್ಲೆಕಾಯಿ ಇಲ್ಲದೆ ಇರುತ್ತದೆಯೇ? ನಾಲ್ಕು ವರ್ಷ ಆಗುವವರೆಗೆ ಇಡೀ ಕಡ್ಲೆಬೀಜ ಕೊಡಬಾರದು. ಅದು ಉಸಿರಿನ ಕೊಳವೆಗೆ ಹೋದರೆ ಅಲ್ಲೇ ನೆನೆದು ಉಬ್ಬುತ್ತದೆ, ಅದರ ಎಣ್ಣೆಗೆ ಶ್ವಾಸಕೋಶ ಕೆರಳುತ್ತದೆ. ಎಕ್ಸ್‌ರೇಯಲ್ಲಿ ಕಾಳು ಕಾಣುವುದೂ ಇಲ್ಲ. ಜ್ವರ ಇಲ್ಲದೆ ಒಮ್ಮೆಲೇ ಕೆಮ್ಮು ಶುರುವಾಗಿ ನಿಲ್ಲದೇ ಇದ್ದರೆ, "ಕಡ್ಲೆಕಾಯಿ ತಿನ್ನುತ್ತಿದ್ದ ಜಾಗದಲ್ಲಿ ಆಡುತ್ತಿತ್ತು" ಅಂತ ಡಾಕ್ಟರಿಗೆ ಹೇಳಲೇಬೇಕು. ಆ ಒಂದು ಮಾತಿನಿಂದ ವಾರಗಟ್ಟಲೆ ಸುಮ್ನೆ ಕೆಮ್ಮಿನ ಸಿರಪ್ ಕುಡಿಸುವುದು ತಪ್ಪುತ್ತದೆ. ಅಳಗುಳಿಮಣೆಯ ಹುಣಸೆಬೀಜಕ್ಕೂ ಇದೇ ಮಾತು. ಅಜ್ಜಿಯ ಡಬ್ಬಿಯಲ್ಲಿ ಗುಲಗಂಜಿ ಇದ್ದರೆ ಅದನ್ನಂತೂ ಮನೆಯಲ್ಲಿ ಇಡಲೇಬೇಡಿ. ಕೆಂಪು ಕಪ್ಪು ಬಣ್ಣದ ಆ ಚಂದದ ಬೀಜ ಅಗಿದರೆ ಕಡು ವಿಷ.

ಇನ್ನು ಗುಂಡು ಬ್ಯಾಟರಿ, ನಾಣ್ಯದಂಥದ್ದು. ಹಾಡುವ ಆಟಿಕೆ, ಸಣ್ಣ ರಿಮೋಟು, ಥರ್ಮಾಮೀಟರ್, ದೀಪಾವಳಿಯ ಎಲ್ಇಡಿ ಹಣತೆ, ಎಲ್ಲದರಲ್ಲೂ ಇರುತ್ತದೆ. ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಿಂದ ಕರೆಂಟು ಹರಿಯುತ್ತದೆ, ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಮಾಂಸ ಸುಟ್ಟು ತೂತಾಗಬಹುದು. ಇದಕ್ಕೆ ಬಾಳೆಹಣ್ಣು ತಿನ್ನಿಸಿ ಕಾಯುವ ಮಾತೇ ಇಲ್ಲ, ನೇರ ಆಸ್ಪತ್ರೆ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಆಗಿರದೇ ಇದ್ದರೆ, ಹೋಗುವ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ, ಅಂದರೆ 10 ಮಿ.ಲೀ., ಜೇನುತುಪ್ಪ ಕೊಡಬಹುದು. ಆರು ಸಲದವರೆಗೆ ಮಾತ್ರ. ಅದು ಸುಡುವುದನ್ನು ನಿಧಾನ ಮಾಡುತ್ತದೆ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಬ್ಯಾಟರಿ ಇರುವ ಆಟಿಕೆಗೆ ಸ್ಕ್ರೂ ಹಾಕಿದ ಮುಚ್ಚಳ ಇರಬೇಕು, ಉಗುರಲ್ಲಿ ತೆಗೆಯುವಂತಿದ್ದರೆ ಅದು ಮಗುವಿನ ಆಟಿಕೆಯಲ್ಲ.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡುವ, ಚನ್ನಪಟ್ಟಣದಂಥ ಕೈಕೆಲಸದ ಆಟಿಕೆಗೆ ವಿನಾಯಿತಿ ಇದೆ. ಸಿದ್ಧಗಂಗೆ ಜಾತ್ರೆಯಿಂದ ಏನಾದರೂ ತಾರದೆ ಬರುವುದು ಹೇಗೆ, ತನ್ನಿ. ಆದರೆ ಮನೆಯಲ್ಲಿ ಚಕ್ರ ಎಳೆದು, ಕಣ್ಣು ಕಿತ್ತು, ಬಣ್ಣ ಉಗುರಲ್ಲಿ ಕೆರೆದು ನೋಡಿ ಆಮೇಲೆ ಕೊಡಿ. ಬಲೂನು ಒಡೆದ ಚೂರು ಎಲ್ಲಕ್ಕಿಂತ ಕೆಟ್ಟದ್ದು, ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಕಷ್ಟ. ಹುಟ್ಟುಹಬ್ಬ ಮುಗಿದ ರಾತ್ರಿಯೇ ಗುಡಿಸಿ.

ಬಣ್ಣ ಅಂದಾಗ ಕಿಟಕಿಯ ಚೌಕಟ್ಟೂ ನೆನಪಾಗುತ್ತದೆ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಯಾಗಿದ್ದು 2017ರ ನವೆಂಬರ್ 1ಕ್ಕೆ. ಅದಕ್ಕೆ ಮೊದಲಿನ ಎನಾಮೆಲ್ ಪದರಗಳು ಹಳೇ ಮನೆಯ ಕಿಟಕಿ ಬಾಗಿಲಲ್ಲಿ ಇನ್ನೂ ಇರಬಹುದು. ಹಬ್ಬಕ್ಕೆ ಬಣ್ಣ ಹೊಡೆಸುವಾಗ ಒಣ ಉಪ್ಪುಕಾಗದದಲ್ಲಿ ಉಜ್ಜಿಸಬೇಡಿ, ಒದ್ದೆ ಮಾಡಿ ಕೆರೆಸಿ. ಆ ಎರಡು ದಿನ ಮಗು ಅಜ್ಜಿ ಮನೆಯಲ್ಲಿರಲಿ.

ಕರೆಂಟು

ಮೀಟರ್ ಬೋರ್ಡಿನಲ್ಲಿ ಎಂಸಿಬಿ (ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ಚು) ಇದೆ, ಸಾಕಲ್ವಾ ಅಂತ ಕೇಳುತ್ತಾರೆ. ಎಂಸಿಬಿ ಕಾಪಾಡುವುದು ತಂತಿಯನ್ನು. ತಂತಿ ಸುಡುವಷ್ಟು ಕರೆಂಟು ಹರಿದಾಗ ಮಾತ್ರ ಅದು ಬೀಳುತ್ತದೆ. ಮಗುವಿನ ಪ್ರಾಣ ಹೋಗುವುದಕ್ಕೆ ಅಷ್ಟು ಕರೆಂಟು ಬೇಕಿಲ್ಲ. ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ ಅನ್ನುವ ಇನ್ನೊಂದು ಸ್ವಿಚ್ಚು. ಹೋದ ಕರೆಂಟೆಲ್ಲ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್‌ನಷ್ಟು ಸೋರಿ ಬೇರೆ ದಾರಿಯಲ್ಲಿ, ಅಂದರೆ ಯಾರದೋ ಮೈಯಿಂದ ನೆಲಕ್ಕೆ ಹೋದರೂ, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಅದರ ಮೇಲೆ 'ಟೆಸ್ಟ್' ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಕೆಳಗಿನ ಪ್ಲಗ್ಗಿಗೆ ಒಳಗೆ ಪರದೆ ಇರುವ, ಒಂದೇ ಕಡ್ಡಿ ಹಾಕಿದರೆ ತೆರೆಯದ ಸಾಕೆಟ್ ಹಾಕಿಸಿ. ಫೋನ್ ತೆಗೆದ ಮೇಲೆ ಚಾರ್ಜರ್ ವೈರು ನೇತಾಡಲು ಬಿಡಬೇಡಿ, ಅದರ ತುದಿ ಮೊದಲು ಹೋಗುವುದು ಬಾಯಿಗೇ. ಕರೆಂಟು ಹೋಗುತ್ತದೆ ಅಂತ ಯುಪಿಎಸ್ ಇಟ್ಟಿದ್ದರೆ ಅದರ ಬ್ಯಾಟರಿ ಈ ಕೋಣೆಯಲ್ಲಿ ಬೇಡ, ಒಳಗಿರುವುದು ಆಸಿಡ್. ಮೇಣದಬತ್ತಿಯ ಬದಲು ಚಾರ್ಜಿನ ದೀಪ.

ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಅನ್ನುವುದನ್ನು ಮನೆಯ ಎಲ್ಲರೂ ಕಲಿತಿರಬೇಕು, ಅತ್ತೆ ಮಾವನೂ ಸೇರಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದಿದ್ದರೆ, ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ತಲೆ ಕೆಳಗಿರುವಂತೆ ಬೋರಲು ಹಾಕಿ ಬೆನ್ನ ಮೇಲೆ ಐದು ಸಲ ಗುದ್ದಿ, ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಿ, ಹೊರಬರುವವರೆಗೆ ಹೀಗೇ ಮಾಡಿ. ವರ್ಷ ದಾಟಿದವರಿಗೆ ಬೆನ್ನ ಮೇಲೆ ಐದು ಸಲ ಗುದ್ದಿ, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡುತ್ತಿರಲಿ. ಓದಿದರೆ ಸಾಲದು, ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಮಾಡಿ ತೋರಿಸಿ ಅಂತ ಕೇಳಿ.

ಮಗಳಿಗೆ ಈಗ ಎರಡೂವರೆ ವರ್ಷ. ಕೈ ಎತ್ತಿದರೆ ಮೂರೂವರೆ ಅಡಿ ಮುಟ್ಟುತ್ತಾಳೆ. ಆರು ತಿಂಗಳ ಹಿಂದೆ ಎಟಕದೇ ಇದ್ದ ಸ್ವಿಚ್ ಬೋರ್ಡು ಈಗ ಬೆರಳ ತುದಿಗೆ ಬಂದಿದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ನಾನು ಮತ್ತೆ ಅಂಬೆಗಾಲಲ್ಲಿ ಸುತ್ತು ಹೊಡೆಯುತ್ತೇನೆ, ಅವಳೂ ಹಿಂದೆ ಹಿಂದೆ ಬರುತ್ತಾಳೆ. ಹೋದ ವಾರ ಅತ್ತೆಯ ರೂಮಿನಿಂದ ಪ್ಲಾಸ್ಟಿಕ್ ಸ್ಟೂಲು ಎಳೆದು ತಂದು ಬಾಗಿಲ ಪಕ್ಕ ಇಟ್ಟುಕೊಂಡಿದ್ದಳು, ಮೇಲಿನ ಚಿಲಕದ ಸರಿಯಾಗಿ ಕೆಳಗೆ. ಸ್ಟೂಲು ಈಗ ಅಟ್ಟದ ಮೇಲಿದೆ. ಆ ಚಿಲಕವನ್ನೂ ಬಿಚ್ಚಿಸಿ, ಹೊರಗಿನಿಂದಲೂ ಕೀ ಹಾಕಿ ತೆಗೆಯಬಹುದಾದ ಲಾಕ್ ಹಾಕಲು ಕಾರ್ಪೆಂಟರ್‌ಗೆ ಭಾನುವಾರ ಬರಲು ಹೇಳಿದ್ದೇನೆ.